ಸೋಮವಾರದ ಗಾಳಿ ಲೆಕ್ಕ

ಹದಿನಾಕು ತಿಂಗಳು, ಪ್ರತಿ ಸೋಮವಾರ,
ನೇಕಾರ ಸಂಘದ ವಹಿ ಮುಚ್ಚಿ
ನಾ ಗುಡ್ಡ ಏರತಿದ್ದೆ.
ಕಂಬದ ತುದಿಗೆ ಮೂರು ಬಟ್ಟಲು ತಿರಗತಿದ್ದವು,
ಬುಡದ ಡಬ್ಬಿಯೊಳಗ ಅಂಕಿ ಕೂಡತಿದ್ದವು.
ಬರಕೊಂಡು ಇಳಿಯೂದು ನನ್ನ ಕೆಲಸ.
ಚೈತ್ರ: ಮೂರೂವರಿ. ಜ್ಯೇಷ್ಠ: ಎಂಟು.
ಆಷಾಢದಾಗ ಒಮ್ಮೆ ಹದಿನೇಳು.
ಆವತ್ತು ನನ್ನ ಪೆನ್ನಿನ ಟೊಪ್ಪಿಗಿ ಹಾರಿ
ಬಾದಾಮಿ ಕಡೆ ಹೋತು.

ಮಗ್ಗ ನಿಂತರ ಗುಳೇದಗುಡ್ಡದ ಓಣಿ
ಹೆಂಗ ಕಿವುಡಾಗತೈತಿ ಅನ್ನೂದು
ಹೊರಗಿನವರಿಗೆ ತಿಳಿಯಾಂಗಿಲ್ಲ.
ಖಣದ ಅರ್ಧ ಹೂವು ಮಗ್ಗದ ಮ್ಯಾಲ,
ಇನ್ನರ್ಧ ಕರೆಂಟಿನ ಕೈಯಾಗ.
ಅದಕ್ಕ ರಾಚಪ್ಪ ಕಾಕಾ ಸಭಾದಾಗ ಎದ್ದು
"ಗಾಳಿ ಇಷ್ಟು ಪುಕ್ಕಟ ಹೊಂಟೈತಿ,
ನಾಕು ಗಿರಣಿ ನಾವ ಹಾಕೋಣು" ಅಂದಾಗ
ನಕ್ಕವರೊಳಗ ನಾನೂ ಒಬ್ಬಾಕಿ.

ಬ್ಯಾಂಕಿನ ಸಾಹೇಬರು ವಹಿ ತಿರುವಿ ತಿರುವಿ
"ಗಾಳಿ ಅಡಾ ಇಡಾಕ ಬರಾಂಗಿಲ್ಲಮ್ಮಾ" ಅಂದ್ರು.
ಅರಣ್ಯ ಇಲಾಖೆಗೆ ನಕಾಶೆ ಏಳು ಪ್ರತಿ,
ಎಂಟನೇದು ಯಾಕ ಇಲ್ಲ ಅಂತ ಅವರದೊಂದು ಪತ್ರ.
ತಾಮ್ರದ ತಂತಿ ಯಾರೋ ಕದ್ದ ವಾರ
ವಹಿಯೊಳಗ ಖಾಲಿ ಐತಿ.
ಹಿಂದಿನ ವಾರದ್ದ ಬರದ ಬಿಡು ಅಂದ್ರು. ಬರೀಲಿಲ್ಲ.
ಆ ಖಾಲಿ ನೋಡೇ ಇಂಜಿನಿಯರ್ ಉಪಾಧ್ಯೆ
ಉಳಿದ ಅಂಕಿ ನಂಬಿದ.

ನಾಕು ಅಂದದ್ದು ಮೂರಾತು, ರೊಕ್ಕ ಸಾಲದ.
ಮೂರು ಎರಡಾದದ್ದು ಮಾಳಿಂಗನಿಂದ.
ಕುರಿ ಅಲ್ಲೇ ಬಿಟ್ಟು ಬಂದ,
ನೆಲಕ್ಕ ನೆಟ್ಟ ಕೆಂಪು ನಿಶಾನಿ ಕಿತ್ತ.
"ಇಲ್ಲೆ ಬ್ಯಾಡ. ತ್ವಾಳ ಮರಿ ಹಾಕೇತಿ."
"ನಿನ್ನ ಕುರಿ ತಿನ್ನೂ ತ್ವಾಳ ಏನೋ?"
"ಹೂಂ. ಹೋದ ವರ್ಷ ಒಂಬತ್ತು."
ನಿಶಾನಿ ನನ್ನ ಕೈಯಾಗಿಟ್ಟು ಹೊಂಟ.
ಅದನ್ನ ಯಾವ ಖಾತೆಕ್ಕ ಬರೀಬೇಕು
ನನಗಿನ್ನೂ ತಿಳಿದಿಲ್ಲ.

ರೆಕ್ಕಿ ಬಂದವು ತಮಿಳುನಾಡಿನಿಂದ,
ಇಪ್ಪತ್ತು ವರ್ಷ ಬ್ಯಾರೆ ಗಾಳಿಗೆ ತಿರುಗಿದ ಹಳೇವು,
ಸುಣ್ಣ ಹಚ್ಚಿದ ಗ್ವಾಡಿಯಂಥ ಮೈ.
ಕುಂಬಾರ ಓಣಿ ತಿರುವಿನಾಗ ಲಾರಿ ಸಿಕ್ಕೊಂಡು
ರೆಕ್ಕಿ ತುದಿ ಇಮಾಮಬಿಯ ಕಟ್ಟಿಗೆ
ಮೂಗು ಹಚ್ಚಿ ನಿಂತಿತು. ಎರಡು ದಿನ.
ಹುಡುಗರು ಅದರ ಮ್ಯಾಲ ಕುಂತರು,
ಒಂದು ಚಹಾ ಗಾಡಿ ಹುಟ್ಟಿಕೊಂಡಿತು.
ನಲವತ್ತು ವರ್ಷ ಆಕಿ ಕಂಡಿಕಿ ಸುತ್ತಿದ ಕಟ್ಟಿ ಅದು.
ರೊಕ್ಕ ಬ್ಯಾಡ ಅಂದಳು,
ಕಾಲಿಗೆ ಬೀಳಬ್ಯಾಡ್ರಿ ಅಂದಳು,
ಬಾಗಿಲಾ ಹಾಕಿಕೊಂಡಳು.
ಮೂರನೇ ದಿನ ನಸಿಕಿನಾಗ ತಾನೇ ಹೊರಗ ಬಂದು
"ಎಷ್ಟು ಗೇಣು?" ಅಂದಳು.
"ಮೂರು, ಅಮ್ಮಾ."
ತನ್ನ ಗೇಣಿನಿಂದ ಅಳದಳು, ಇದ್ದಲಿಯಿಂದ ಗೆರಿ ಎಳದಳು.
"ಇದರಾಚೆ ಒಂದು ಹರಳು ಮುಟ್ಟಿದ್ರ ನೋಡ್ರಿ ಮತ್ತ."
ಲಾರಿ ಹೋತು. ಕಲ್ಲು ತಿರುಗಿ ಕೂಡಿಸಿದವರು
ಹಿಂದ-ಮುಂದ ಮಾಡಿದರು:
ಈಗ ಆಕಿ ಕುಂತರ ಓಣಿ ಬಾಯಿ ಕಾಣಾಂಗಿಲ್ಲ,
ಗುಡ್ಡ ಕಾಣತೈತಿ.
ದಿನಾ ಬೈಯ್ತಾಳ. ತಿರುಗಿ ಕಟ್ಟಿಸತೇವಿ ಅಂದ್ರ ಬ್ಯಾಡ ಅಂತಾಳ.

ಮೊದಲ ದಿನ ರೆಕ್ಕಿ ತಿರುಗಿದ ಹೊತ್ತಿಗೇ
ಊರಾಗ ಕರೆಂಟ್ ಹೋತು.
ಎಲ್ಲಾರೂ ನನ್ನ ಮಾರಿ ನೋಡಿದರು.
ಗುಡ್ಡದ್ದು ಹೆಸ್ಕಾಂ ತಂತಿಗೆ ಹೋಗತೈತಿ,
ನಮಗ ಬರೂದು ಬಿಲ್ಲಿನಾಗ ಅಂತ
ಮನಿ ಮನಿಗೆ ಹೇಳೂದರಾಗ ತಿಂಗಳು ಮುಗೀತು.
ಬಿಲ್ಲು ಬಂತು. ರಾಚಪ್ಪ ಕಾಕಾ
ಚಾಳೀಸು ಒರಸಿ ಎರಡು ಸಲ ಓದಿ,
ಏನೂ ಅನ್ನದ ಮಡಚಿ ಕಿಸೆದಾಗಿಟ್ಟ.
ಮಗ್ಗ ಈಗೂ ಆಗೊಮ್ಮೆ ನಿಲ್ಲತಾವ.

ಕಂಬ ಇಳಿಸ್ಯಾರ. ಬಟ್ಟಲು ಸಂಘದ ಕಪಾಟಿನಾಗ,
ಕೆಂಪು ನಿಶಾನಿಯ ಜೋಡಿ.
ಸೋಮವಾರ ಮಾತ್ರ ಕಾಲು ಕೇಳಾಂಗಿಲ್ಲ;
ಓಣಿ ತಿರುವಿನ ತನಕ ಹೋಗತೇನಿ.
"ಇವತ್ತ ಎಷ್ಟ?" ಅಂತಾಳ ಇಮಾಮಬಿ,
ಕಂಡಿಕಿ ಬಿಡದ, ಗುಡ್ಡದ ಮ್ಯಾಲಿನ ಕಣ್ಣು ತಗೀದ.
ನಾ ಆಕಿ ಸೆರಗು ಎಷ್ಟು ಹಾರತೈತಿ ನೋಡಿ
"ಐದೂವರಿ" ಅಂತೇನಿ.
"ಕಮ್ಮಿ ಆತು" ಅಂತಾಳ,
ಸೆರಗು ಸೊಂಟಕ್ಕ ಸಿಗಿಸತಾಳ.